ಔಷಧಿ ಹಾಕಿದ ಹಿಂಡನ್ನು ಹಳ್ಳಕ್ಕೆ ಬಿಡಬೇಡಿ

ಕೆಂಗುರಿ ಕಾಯುವ ಹುಡುಗರೇ, ಹಿಂಡಿಗೆ ಔಷಧಿ ಹಾಕಿದ ದಿನ ಅದನ್ನು ಹಳ್ಳಕ್ಕೆ ಹೊಡೆಯಬೇಡಿ. ಮಸ್ಕಿ, ಲಿಂಗಸುಗೂರು, ಸಿಂಧನೂರು ಕಡೆ ಹಿಂಡಿನ ಹೊಣೆ ಈಗ ನಿಮ್ಮ ಹೆಗಲೇರಿದೆ, ಅದಕ್ಕೇ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಟ್ಟೆ. ಯಾಕೆ ಎನ್ನುವುದನ್ನು ಕೂತು ಕೇಳಿ.

ಔಷಧಿಯೇ ಬೇಡ ಎನ್ನುವವನಲ್ಲ ನಾನು. ಗದ್ದ ಬಾತು, ರಕ್ತ ಬತ್ತಿ ಕುರಿ ನೆಲಕ್ಕೆ ಬೀಳುವುದನ್ನು ಕಂಡವರಾರೂ ಹಾಗೆ ಹೇಳಲಾರರು. ಆದರೆ ಜಂತಿಗೆಂದು ಚುಚ್ಚಿಸುವ ಐವರ್‌ಮೆಕ್ಟಿನ್ ಕುರಿಯ ಮೈಯೊಳಗೇ ಮುಗಿದುಹೋಗುವುದಿಲ್ಲ. ಬಹುಪಾಲು ಹಿಕ್ಕೆಯ ಜತೆ ಹೊರಬೀಳುತ್ತದೆ, ಆಗಲೂ ಕಸುವು ಉಳಿಸಿಕೊಂಡಿರುತ್ತದೆ. ಲೆಕ್ಕ ಹಾಕಿ ನೋಡಿ. ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, ಅಂದರೆ 30 ಕಿಲೋದ ಕುರಿಗೆ 6 ಮಿಲಿಗ್ರಾಂ. ಹಳ್ಳದ ನೀರಿನಲ್ಲಿ ಡಾಫ್ನಿಯಾ ಎಂಬ ಕಂಡೂ ಕಾಣದಂಥ ಜೀವಿಯಿದೆ, ಮೀನುಮರಿಗಳಿಗೆ ಅದು ತುತ್ತು. ಲೀಟರಿಗೆ ಸುಮಾರು 6 ನ್ಯಾನೋಗ್ರಾಂ ಐವರ್‌ಮೆಕ್ಟಿನ್ ಇದ್ದರೆ ಸಾಕು, ಪ್ರಯೋಗಶಾಲೆಯ ನೀರಿನಲ್ಲಿ ಎರಡೇ ದಿನಕ್ಕೆ ಅರ್ಧದಷ್ಟು ಡಾಫ್ನಿಯಾ ಈಜು ನಿಲ್ಲಿಸುತ್ತವೆ. ಒಂದು ಮಿಲಿಗ್ರಾಂ ಎಂದರೆ 10 ಲಕ್ಷ ನ್ಯಾನೋಗ್ರಾಂ. ಒಂದೇ ಕುರಿಯ ಡೋಸು ಪೂರ್ತಿ ಕರಗಿದರೆ 10 ಲಕ್ಷ ಲೀಟರ್ ನೀರು ಆ ಮಟ್ಟಕ್ಕೆ ಬರುತ್ತದೆ. ಪೂರ್ತಿ ಕರಗುವುದಿಲ್ಲ, ನಿಜ. ಒಂದಿಷ್ಟು ಮಣ್ಣಿಗೆ ಅಂಟುತ್ತದೆ, ಬಿಸಿಲಿಗೆ ಬಿದ್ದದ್ದು ಕೆಡುತ್ತದೆ. ಮಡುವಿನ ತಳದ ಕೆಸರು ಸೇರಿದ್ದು ಮಾತ್ರ ಬೇಗ ಹೋಗದು, ಆ ಕೆಸರಿನಲ್ಲೇ ಹುಟ್ಟಿ ಬೆಳೆಯುವ ಹುಳಗಳಿಗೆ ತಟ್ಟುತ್ತದೆ. ಈಗ ನಿಮ್ಮ ಹಿಂಡಿನ ತಲೆ ಎಣಿಸಿಕೊಳ್ಳಿ.

ನನಗೆ ಇದಕ್ಕಿಂತ ಹೆಚ್ಚು ದಿಗಿಲು ಉಣ್ಣಿಯ ಔಷಧಿಯದು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಕುರಿಗೆ ಅಷ್ಟಾಗಿ ಕೇಡು ಮಾಡವು, ಮೀನು ಸಿಗಡಿಗೆ ಕಡು ವಿಷ. ಮೈಗೆ ಹೊಡೆದು, ತುಪ್ಪಟ ಒಣಗುವ ಮೊದಲೇ ಹಳ್ಳ ದಾಟಿಸಿದರೆ ಔಷಧಿ ನೇರ ನೀರಿಗೆ. ಕಲಸಿದ ಬಕೆಟ್ಟನ್ನು ಹಳ್ಳದಲ್ಲೇ ಜಾಲಿಸುವವರಿದ್ದಾರೆ. ಬೇಸಿಗೆಯಲ್ಲಿ ಹರಿವು ಸಣ್ಣಗಾಗಿ ಮೀನೆಲ್ಲ ಮಡುವಿನಲ್ಲಿ ಸೇರಿಕೊಂಡಿರುವ ಹೊತ್ತಿನಲ್ಲಿ ಅದು ಎಂಥ ಅನ್ಯಾಯ! ಬ್ರಿಟನ್ನಿನಲ್ಲಿ ಕುರಿಗಳನ್ನು ಸೈಪರ್‌ಮೆಥ್ರಿನ್ ತೊಟ್ಟಿಯಲ್ಲಿ ಅದ್ದುತ್ತಿದ್ದರು. ತೊರೆಗಳಲ್ಲಿ ಹುಳಗಳೇ ಇಲ್ಲವಾಗತೊಡಗಿದಾಗ 2006ರಲ್ಲಿ ಆ ಔಷಧಿಯ ಮಾರಾಟಕ್ಕೆ ತಡೆ ಹಾಕಿದರು. ಅದೇ 2006ರಲ್ಲಿ ನಮ್ಮ ದೇಶ ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ ಡೈಕ್ಲೋಫೆನಾಕನ್ನು ನಿಷೇಧಿಸಿತು, ಸತ್ತ ದನ ತಿಂದ ರಣಹದ್ದುಗಳು ನಾಶವಾಗುತ್ತಾ ಬಂದದ್ದರಿಂದ.

ಸಿಂಧನೂರಿನ ಗದ್ದೆ ಸೀಮೆಯಲ್ಲಿ ಔಷಧಿ ನೀರು ಸೇರಲು ಇನ್ನೊಂದು ದಾರಿಯಿದೆ. ಭತ್ತ ಕೊಯ್ದ ಮೇಲೆ ಹೊಲದಲ್ಲಿ ಕುರಿ ತರುಬಿಸುತ್ತಾರೆ, ಹಿಕ್ಕೆ ಗೊಬ್ಬರವಾಗಲೆಂದು. ಬಳಿಕ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಾಯಿಸುತ್ತಾರೆ, ಹೆಚ್ಚಾದದ್ದು ಬಸಿಗಾಲುವೆ ಹಿಡಿದು ಹಳ್ಳಕ್ಕೆ ಇಳಿಯುತ್ತದೆ. ಹಿಂದಿನ ದಿನವೇ ಔಷಧಿ ಹಾಕಿಸಿಕೊಂಡ ಹಿಂಡು ಅಲ್ಲಿ ಮಲಗಿದ್ದರೆ ಅದರ ಪಾಲೂ ನೀರಿನ ಸಂಗಡ ಹೊರಡುತ್ತದೆ. ಔಷಧಿ ಹೆಚ್ಚು ಹೊರಬೀಳುವುದು ಮೊದಲ ವಾರದಲ್ಲಿ. ಆ ವಾರ ಬೆದ್ದಲು ಹೊಲದಲ್ಲಿ, ಹಳ್ಳ ಕಾಲುವೆಯಿಂದ ದೂರ ಹಟ್ಟಿ ಹಾಕಿ. ತೊಟ್ಟಿಯಲ್ಲಿ ನೀರು ಕುಡಿಸಿ, ಹಿಕ್ಕೆಯನ್ನು ತಿಪ್ಪೆಗೆ ಹಾಕಿ ಚೆನ್ನಾಗಿ ಕೊಳೆಯಲು ಬಿಡಿ. ಕಾವೇರಿದ ತಿಪ್ಪೆಯಲ್ಲಿ ರೋಗಾಣು ಕೊಲ್ಲುವ ಆಕ್ಸಿಟೆಟ್ರಾಸೈಕ್ಲಿನ್‌ನಂಥ ಔಷಧಿಯೂ ಬಹಳಷ್ಟು ಕೆಡುತ್ತದೆ. ಹಸಿಯಾಗಿ ಹಳ್ಳ ಸೇರಿದರೆ ಔಷಧಿಗೆ ಬಗ್ಗದ ರೋಗಾಣುಗಳನ್ನು ಬೆಳೆಸುತ್ತದೆ, ಅವು ಕುರಿಗೂ ಬರುತ್ತವೆ, ನಿಮ್ಮ ಮಕ್ಕಳಿಗೂ.

ನಮ್ಮ ಮಸ್ಕಿಯ ಬಂಡೆಶಾಸನ 1915ರಲ್ಲಿ ಸಿಕ್ಕಿದಾಗ ಬೇರೆ ಶಾಸನಗಳ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಖಚಿತವಾಯಿತು. ಅದೇ ಅರಸ ಗಿರ್ನಾರದ ಬಂಡೆಯ ಮೇಲೆ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ ಏರ್ಪಡಿಸಿದ್ದನ್ನು ಬರೆಸಿ, ಅಲ್ಲಿಯೇ ದಾರಿಯುದ್ದಕ್ಕೂ ಬಾವಿ ತೋಡಿಸಿದ್ದನ್ನೂ ಹೇಳಿಸಿದ್ದಾನೆ. ಮದ್ದು, ನೀರು ಎರಡೂ ಒಂದೇ ಶಾಸನದಲ್ಲಿವೆ. ನನಗೆ ಅದು ಬಹಳ ಹಿಡಿಸುತ್ತದೆ.

ಇನ್ನೊಂದು ಮಾತು. ಇಡೀ ಹಿಂಡಿಗೆ ಒಂದೇ ದಿನ ಚುಚ್ಚಿಸಬೇಕಾದ ಅಗತ್ಯ ಬಹಳ ಸಲ ಇರುವುದಿಲ್ಲ. ಕುರಿಯ ಕೆಳಗಣ್ಣಿನ ರೆಪ್ಪೆ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಗಿದ್ದರೆ ಬಿಡಿ, ಬಿಳಿಚಿದ್ದರೆ ರಕ್ತ ಹೀರುವ ಜಂತು ಇದ್ದೀತು. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕೆಂದೇ ಬಣ್ಣದ ಕಾರ್ಡು ಮಾಡಿಕೊಂಡಿದ್ದಾರೆ. ಅನುಮಾನ ಬಂದರೆ ನಾಲ್ಕಾರು ಕುರಿಗಳ ತಾಜಾ ಹಿಕ್ಕೆಯನ್ನು ಬೇರೆ ಬೇರೆ ಚೀಟಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ಯಿರಿ, ಮೊಟ್ಟೆ ಎಣಿಸಿ ಹೇಳುತ್ತಾರೆ. ಮದ್ದಿನ ಅಂಗಡಿಗೆ ಹೋಗುವುದು ಅದಾದ ಮೇಲೆ.