ಫುಟ್‌ಬಾಲ್ ಬೆಟ್ಟಿಂಗ್: ಹೆಸರು ಎರಡು, ಲೆಕ್ಕ ಒಂದೇ

ಯುರೋಪಿನ ಫುಟ್‌ಬಾಲ್ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡುವವರು ಈಗ ತುಮಕೂರಿನಲ್ಲೂ ಇದ್ದಾರೆ, ಗುಬ್ಬಿ, ಕುಣಿಗಲ್ಲಿನಲ್ಲೂ ಇದ್ದಾರೆ. ಪಂದ್ಯದ ಬೆನ್ನಿಗೇ ‘ಐಡಿ ಬೇಕಾ?’ (ಅಂದರೆ ಬಾಜಿ ಕಟ್ಟುವ ಖಾತೆ ಬೇಕಾ) ಎಂಬ ಮೆಸೇಜ್ ಬರುತ್ತದೆ. ‘ಇದು ಬೆಟ್ಟಿಂಗ್ ಅಲ್ಲ, ಟ್ರೇಡಿಂಗ್’ ಎಂದು ನಂಬಿಸುವವರೂ ಸಿಗುತ್ತಾರೆ. ಒಂದು ಕಡೆ ಬೆಟ್ಟಿಂಗ್ ಎಕ್ಸ್‌ಚೇಂಜ್, ಇನ್ನೊಂದು ಕಡೆ ಪ್ರಿಡಿಕ್ಷನ್ ಮಾರ್ಕೆಟ್. ನಮ್ಮಲ್ಲಿ ಈ ಎರಡನೆಯದಕ್ಕೆ ಒಪಿನಿಯನ್ ಟ್ರೇಡಿಂಗ್ ಎಂಬ ಹೆಸರು ಬಂತು. ದುಡ್ಡು ಕಟ್ಟಿ ಎಂದು ಹೇಳಲು ಈ ಬರಹವಲ್ಲ. ಯಾರಾದರೂ ಕಟ್ಟಲು ಕರೆದರೆ ಲೆಕ್ಕ ಹಾಕಿ ‘ಬೇಡ’ ಎನ್ನಲು ಬೇಕಾದ ತಿಳಿವಳಿಕೆ ಇಲ್ಲಿದೆ.

1. ಎದುರಿಗೆ ಯಾರಿದ್ದಾರೆ ನೋಡಿ

ಬುಕ್ಕಿಯ ಬಳಿ ಕಟ್ಟಿದರೆ ಎದುರಾಳಿ ಬುಕ್ಕಿಯೇ. ಎಕ್ಸ್‌ಚೇಂಜ್‌ನಲ್ಲಿ ಎದುರಾಳಿ ನಿಮ್ಮಂಥ ಇನ್ನೊಬ್ಬ ಆಟಗಾರ. ತಂಡ ಗೆಲ್ಲುತ್ತದೆ ಎಂದು ಕಟ್ಟುವುದು ‘ಬ್ಯಾಕ್’, ಗೆಲ್ಲುವುದಿಲ್ಲ ಎಂದು ಎದುರಿನವರ ಆ ಬಾಜಿಯನ್ನು ಒಪ್ಪಿಕೊಳ್ಳುವುದು ‘ಲೇ’. ಬ್ರಿಟನ್ನಿನಲ್ಲಿ 2000ರಲ್ಲಿ ಶುರುವಾದ ಬೆಟ್‌ಫೇರ್ ಈ ಪದ್ಧತಿಯನ್ನು ಹೆಸರುವಾಸಿ ಮಾಡಿತು.

ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ ಒಂದು ಪ್ರಶ್ನೆ ಇರುತ್ತದೆ. ಅದಕ್ಕೆ ‘ಹೌದು’ ಅಥವಾ ‘ಇಲ್ಲ’ ಎಂಬ ಷೇರು ಕೊಳ್ಳಬೇಕು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯ 1988ರಲ್ಲಿ ಅಧ್ಯಕ್ಷೀಯ ಚುನಾವಣೆಯ ಅಧ್ಯಯನಕ್ಕೆಂದು ಇಂಥದ್ದೊಂದನ್ನು ನಡೆಸಿತು. ಈಗಿನ ಕಲ್ಶಿ, ಪಾಲಿಮಾರ್ಕೆಟ್, ನಮ್ಮ ದೇಶದಲ್ಲಿ ಓಡಿದ ಪ್ರೋಬೊ ಎಲ್ಲವೂ ಇದೇ ಜಾತಿಯವು. ಇಲ್ಲಿಯೂ ನೀವು ಗೆದ್ದ ದುಡ್ಡು ಮತ್ತೊಬ್ಬ ಆಟಗಾರನ ಜೇಬಿನಿಂದಲೇ ಬರಬೇಕು.

2. ಬೆಲೆಯನ್ನು ಶೇಕಡಾಕ್ಕೆ ಇಳಿಸಿ

ಬೆಂಗಳೂರು ಎಫ್‌ಸಿ ಗೆಲುವಿಗೆ ಎಕ್ಸ್‌ಚೇಂಜ್‌ನಲ್ಲಿ 2.50 ದರ ಇದೆ ಎಂದುಕೊಳ್ಳಿ. 1ನ್ನು 2.50ರಿಂದ ಭಾಗಿಸಿದರೆ 0.40. ಅಂದರೆ ಗೆಲ್ಲುವ ಸಾಧ್ಯತೆ ಶೇ 40 ಎಂದು ಆ ದರ ಹೇಳುತ್ತಿದೆ. ₹1,000 ಕಟ್ಟಿ ಗೆದ್ದರೆ ಕೈಗೆ ₹2,500.

ಅದೇ ಪಂದ್ಯಕ್ಕೆ ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ ‘ಹೌದು’ ಷೇರಿನ ಬೆಲೆ ₹4, ಗೆದ್ದರೆ ಸಿಗುವುದು ₹10 ಎನ್ನಿ. ಸಾಧ್ಯತೆ ಮತ್ತೆ ಶೇ 40. ₹1,000ಕ್ಕೆ 250 ಷೇರು. ಗೆದ್ದರೆ ಅದೇ ₹2,500. ಒಂದನ್ನು ಜೂಜೆಂದೂ ಇನ್ನೊಂದನ್ನು ಹೂಡಿಕೆಯೆಂದೂ ಕರೆಯಲು ಈ ಲೆಕ್ಕದಲ್ಲಿ ಆಧಾರವೇ ಇಲ್ಲ.

3. ಕಮಿಷನ್ ಕಳೆದು ನೋಡಿ

ಗೆದ್ದ ₹1,500 ಲಾಭದ ಮೇಲೆ ಶೇ 5 ಕಮಿಷನ್ ಇದ್ದರೆ ₹75 ಹೋಗಿ ₹1,425 ಉಳಿಯಿತು. ದರ ಸರಿಯಾಗಿಯೇ ಇದೆ, ಇಂಥ ಬಾಜಿ 100 ಸಲ ಕಟ್ಟಿ 40 ಸಲ ಗೆದ್ದಿರಿ ಎಂದಿಟ್ಟುಕೊಳ್ಳಿ. ಗೆಲುವಿನಿಂದ ₹57,000 ಬಂತು, 60 ಸೋಲಿನಿಂದ ₹60,000 ಹೋಯಿತು. ಯಾರೂ ಮೋಸ ಮಾಡದಿದ್ದರೂ ₹3,000 ನಷ್ಟ.

ಷೇರಿನ ಕಡೆ ಇನ್ನೊಂದು ಸೋರಿಕೆ ಇದೆ. ‘ಹೌದು’ ₹4.20, ‘ಇಲ್ಲ’ ₹6.20 ಇದ್ದರೆ ಎರಡನ್ನೂ ಕೂಡಿಸಿ: ₹10.40. ಕೊನೆಗೆ ಸಿಗುವುದು ₹10 ಮಾತ್ರ. ನಡುವಿನ 40 ಪೈಸೆ ಪ್ರತಿ ಸಲವೂ ಆಡುವವರ ಮೇಲೇ ಬೀಳುತ್ತದೆ.

4. ಪಂದ್ಯ ‘ಮುಗಿಯುವುದು’ ಯಾವಾಗ ಎಂದು ಓದಿ

2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. 90 ನಿಮಿಷಕ್ಕೆ ಅರ್ಜೆಂಟೀನಾ–ಫ್ರಾನ್ಸ್ 2–2. ಹೆಚ್ಚುವರಿ ಸಮಯ ಮುಗಿದಾಗ 3–3. ಪೆನಾಲ್ಟಿ ಶೂಟೌಟ್‌ನಲ್ಲಿ ಅರ್ಜೆಂಟೀನಾ 4–2ರಿಂದ ಕಪ್ ಗೆದ್ದಿತು. ಎಕ್ಸ್‌ಚೇಂಜ್‌ಗಳ ಸಾಮಾನ್ಯ ‘ಪಂದ್ಯದ ಫಲಿತಾಂಶ’ದ ಬಾಜಿ 90 ನಿಮಿಷ ಮತ್ತು ಇಂಜುರಿ ಟೈಮ್‌ಗೇ ಮುಗಿಯುವುದರಿಂದ ಅಲ್ಲಿ ಗೆದ್ದದ್ದು ‘ಡ್ರಾ’. ‘ಕಪ್ ಯಾರಿಗೆ?’ ಎಂಬ ಬಾಜಿಯಲ್ಲಿ ಗೆದ್ದದ್ದು ಅರ್ಜೆಂಟೀನಾ. ಮೆಸ್ಸಿ ಕಪ್ ಎತ್ತಿದ ರಾತ್ರಿಯೇ ಅರ್ಜೆಂಟೀನಾ ಪರ ಕಟ್ಟಿ ಸೋತವರೂ ಇರುವುದು ಹೀಗೆ. ಪ್ರಿಡಿಕ್ಷನ್ ಮಾರ್ಕೆಟ್‌ನಲ್ಲಿ ಪ್ರಶ್ನೆಯ ಒಂದೊಂದು ಪದವೂ ಇಷ್ಟೇ ಮುಖ್ಯ.

5. ನಿಮ್ಮ ಕಣ್ಣಿಗೆ ಗೋಲು ತಡವಾಗಿ ಬೀಳುತ್ತದೆ

ದೇವರಾಯನದುರ್ಗದ ಬೆಟ್ಟದ ಮೇಲೆ ಕೂತು ಮೊಬೈಲಿನಲ್ಲಿ ಪಂದ್ಯ ನೋಡುವವನಿಗೆ ನೇರ ಪ್ರಸಾರ ಎನ್ನುವುದು ಕೆಲವು ಸೆಕೆಂಡು ಹಳೆಯದು. ಸಿಗ್ನಲ್ ಕುಂಟಿದರೆ ಇನ್ನೂ ತಡ. ಸ್ಟೇಡಿಯಂನಲ್ಲಿ ಕೂತವನಿಗೆ, ವೇಗದ ಮಾಹಿತಿಗೆ ದುಡ್ಡು ಕೊಟ್ಟವನಿಗೆ ಗೋಲು ಮೊದಲೇ ಗೊತ್ತು. ಆಟ ನಡೆಯುತ್ತಿರುವಾಗ ನಿಮಗೆ ‘ಅಗ್ಗದ ದರ’ ಕಂಡರೆ, ಗೊತ್ತಿದ್ದವರು ಅದನ್ನು ಆಗಲೇ ಬಿಟ್ಟು ಹೋಗಿರುವ ಸಾಧ್ಯತೆ ಹೆಚ್ಚು.

6. ಕಾನೂನು ತಿಳಿದುಕೊಳ್ಳಿ

2021ರಲ್ಲಿ ಕರ್ನಾಟಕ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಒಪಿನಿಯನ್ ಟ್ರೇಡಿಂಗ್ ತನ್ನ ವ್ಯಾಪ್ತಿಗೆ ಬರುವುದಿಲ್ಲ, ಹೂಡಿಕೆದಾರರಿಗಿರುವ ರಕ್ಷಣೆ ಅಲ್ಲಿಲ್ಲ ಎಂದು ಷೇರುಪೇಟೆ ನಿಯಂತ್ರಕ ಸೆಬಿ 2025ರ ಏಪ್ರಿಲ್ 29ರಂದು ಎಚ್ಚರಿಸಿತು. ಅದೇ ವರ್ಷ ಆಗಸ್ಟ್ 22ರಂದು ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಅದು ಕೈಬಿಟ್ಟಿದೆ. ಹಣದಾಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಜಾಹೀರಾತು ಕೊಡುವವರಿಗೆ 2 ವರ್ಷ, ₹50 ಲಕ್ಷದವರೆಗೆ. ಬರೀ ಆಡಿದವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಆದರೆ ಕಮಿಷನ್ ಆಸೆಗೆ ‘ಐಡಿ’ ಹಂಚುವ ಹುಡುಗ ಆಟಗಾರನಾಗಿ ಉಳಿಯುವುದಿಲ್ಲ.

‘ನಮ್ಮ ಕುಣಿಗಲ್ ಸ್ಟಡ್ ಫಾರ್ಮ್‌ನ ಕುದುರೆ ಓಡಿದರೆ ಬಾಜಿ ಕಟ್ಟಬಹುದಲ್ಲ?’ ಎಂದು ಕೇಳುವವರಿದ್ದಾರೆ. ಕುದುರೆ ರೇಸ್‌ಗೆ ಮೈಸೂರು ರೇಸ್‌ಕೋರ್ಸ್ ಪರವಾನಗಿ ಕಾಯ್ದೆ, 1952 ಇದೆ. ಪರವಾನಗಿ ಪಡೆದ ರೇಸ್‌ಕೋರ್ಸ್ ಇದೆ. ಫುಟ್‌ಬಾಲ್‌ಗೆ ಅಂಥ ಪರವಾನಗಿ ರಾಜ್ಯದಲ್ಲಿ ಇಲ್ಲ.

7. ದುಡ್ಡು ಆಗಲೇ ಸಿಕ್ಕಿಕೊಂಡಿದ್ದರೆ

• ‘ಟ್ಯಾಕ್ಸ್ ಕಟ್ಟಿದರೆ ಗೆದ್ದ ಹಣ ಬಿಡುತ್ತೇವೆ’ ಎಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಅದು ವಂಚನೆ.
• ಸ್ಕ್ರೀನ್‌ಶಾಟ್, ಯುಪಿಐ ವಹಿವಾಟಿನ ಸಂಖ್ಯೆ ಉಳಿಸಿಕೊಳ್ಳಿ. ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.
• ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಯಾರಿಗೂ ಬಾಡಿಗೆಗೆ ಕೊಡಬೇಡಿ. ಕೇಸು ಖಾತೆದಾರನ ಮನೆ ಬಾಗಿಲಿಗೇ ಬರುತ್ತದೆ.
• ಸೋತದ್ದನ್ನು ವಾಪಸ್ ಗೆಲ್ಲಲು ಮೀಟರ್ ಬಡ್ಡಿಗೆ ಸಾಲ ಮಾಡಬೇಡಿ. ಸೋತ ದಿನವೇ ಮನೆಯಲ್ಲಿ ಹೇಳಿ.
• ಆಡದೆ ಇರಲಾಗುತ್ತಿಲ್ಲ ಎಂದಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಗೀಳಿಗೆಂದೇ ‘ಷಟ್’ ಕ್ಲಿನಿಕ್ ಇದೆ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮಗ ಸಾಲದ ವಿಷಯ ಬಾಯಿಬಿಟ್ಟ ದಿನ ಬಯ್ಯುವುದನ್ನು ಪಕ್ಕಕ್ಕಿಡಿ. ಎಷ್ಟು, ಯಾರಿಗೆ, ಯಾವಾಗ ಎಂದು ಜೊತೆಗೆ ಕೂತು ಬರೆದುಕೊಳ್ಳಿ, ಮೊದಲ ಕರೆಯನ್ನು ನೀವೇ ಮಾಡಿ. ಹೇಳಿದರೆ ಬೈಗುಳ ತಪ್ಪದು ಎಂಬ ಹೆದರಿಕೆಯೇ ಹುಡುಗರನ್ನು ಎರಡನೆಯ ಸಾಲಕ್ಕೆ ತಳ್ಳುವುದು.