ದನಗಳ ಬಾಯಿಯ ಒಳರಚನೆಯೂ ಕಾಲುಬಾಯಿ ಬೇನೆಯೂ

ವೇದಾವತೀ ನದಿಗೆ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸವು 1898ನೆಯ ಇಸವಿಯಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತೆಂಬುದನ್ನು ಹಿರಿಯೂರು ಸೀಮೆಯವರು ಬಲ್ಲರು. ಆ 1898ನೆಯ ಇಸವಿಯಲ್ಲಿಯೇ ಜರ್ಮನಿ ದೇಶದ ಲೆಫ್ಲರ್ ಮತ್ತು ಫ್ರೋಷ್ ಎಂಬ ಪಂಡಿತರು ದನಗಳ ಕಾಲುಬಾಯಿ ಬೇನೆಯ ಮೂಲವನ್ನು ಶೋಧಿಸಿ, ಅತಿ ಸಣ್ಣ ರಂಧ್ರಗಳ ಶೋಧಕದಲ್ಲಿಯೂ ನುಸುಳಿಹೋಗುವಷ್ಟು ಸೂಕ್ಷ್ಮವಾದ ರೋಗಾಣುವೇ ಅದಕ್ಕೆ ಕಾರಣವೆಂದು ತೋರಿಸಿಕೊಟ್ಟರು. ಅಣೆಕಟ್ಟು ಕಟ್ಟಿ ನೂರು ವರ್ಷಗಳಿಗೂ ಮೇಲಾಯಿತು. ಬೇನೆಯು ಮಾತ್ರ ಇನ್ನೂ ನಮ್ಮ ಕೊಟ್ಟಿಗೆಗಳನ್ನು ಬಿಟ್ಟುಹೋಗಿಲ್ಲ. ಇದು ಬಾಯಿಯನ್ನೇ ಏಕೆ ಹಿಡಿಯುತ್ತದೆ, ಹಿಡಿದ ಮೇಲೆ ಯಾವುದನ್ನು ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದನ್ನು ತಿಳಿಯಬೇಕಾದರೆ ಬಾಯಿಯ ಒಳಚರ್ಮದ ರಚನೆಯನ್ನು ಸ್ವಲ್ಪಮಟ್ಟಿಗಾದರೂ ಅರಿತಿರುವುದು ಅವಶ್ಯಕ.

ಕಣ್ಣಿಗೆ ಕಾಣುವ ರಚನೆ

ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ. ಅಲ್ಲಿ ಗಟ್ಟಿಯಾದ ಮೆತ್ತೆಯೊಂದಿದೆ. ದನವು ನಾಲಗೆಯಿಂದ ಹುಲ್ಲನ್ನು ಸುತ್ತಿ ಬಾಯೊಳಗೆಳೆದು, ಕೆಳಗಿನ ಹಲ್ಲಿಗೂ ಈ ಮೆತ್ತೆಗೂ ನಡುವೆ ಹಿಡಿದು ಕೀಳುತ್ತದೆ. ನಾಲಗೆಯ ಮೇಲೆ ಹಿಂದಕ್ಕೆ ಬಾಗಿದ ಮುಳ್ಳಿನಂಥ ಮೊನೆಗಳಿರುವುದರಿಂದಲೇ ಅದು ಕೈಗೆ ದೊರಗಾಗಿರುವುದು. ಆದುದರಿಂದ ನಾಲಗೆ ಕೆಟ್ಟರೆ ದನಕ್ಕೆ ಕೈಯೇ ಮುರಿದಂತಾಯಿತು.

ಸೂಕ್ಷ್ಮದರ್ಶಕದಲ್ಲಿ ಕಾಣುವ ರಚನೆ

ನಾಲಗೆಯ ತೆಳುವಾದ ಪದರವೊಂದನ್ನು ಕೊಯ್ದು ಬಣ್ಣಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮೇಲ್ಪೊರೆಯು ಜೀವಕಣಗಳ ಅನೇಕ ಸಾಲುಗಳಿಂದ ಆಗಿರುವುದು ಕಾಣುತ್ತದೆ. ಎಲ್ಲಕ್ಕೂ ಮೇಲೆ ಚಪ್ಪಟೆಯಾದ, ಕೊಂಬಿನಂತೆ ಗಡುಸಾದ ಸತ್ತ ಕಣಗಳಿವೆ. ಒರಟು ಮೇವಿನ ಉಜ್ಜಾಟವನ್ನು ತಡೆಯತಕ್ಕವು ಇವೇ. ಅವುಗಳ ಕೆಳಗೆ ಒಂದಕ್ಕೊಂದು ಸಣ್ಣ ಮುಳ್ಳುಗಳಿಂದ ಹೆಣೆದುಕೊಂಡಂತಿರುವ ದುಂಡು ಕಣಗಳ ದಪ್ಪವಾದ ಪದರವಿದೆ. ಕಟ್ಟಕಡೆಗೆ ತಳದ ಕಣಗಳ ಒಂದೇ ಸಾಲು. ಈ ತಳದ ಸಾಲನ್ನು ಸಸಿಮಡಿಗೆ ಹೋಲಿಸಬಹುದು. ಇಲ್ಲಿ ಕಣಗಳು ಎಡೆಬಿಡದೆ ಹುಟ್ಟಿ ಮೇಲಕ್ಕೇರಿ, ಸವೆದುಹೋದ ಕಣಗಳ ಸ್ಥಾನವನ್ನು ತುಂಬುತ್ತವೆ. ಮೇಲ್ಪೊರೆಯಲ್ಲಿ ರಕ್ತನಾಳಗಳಿಲ್ಲ. ಅದರ ಅಡಿಯಲ್ಲಿರುವ ಮೆದುವಾದ ಪದರದ ರಕ್ತನಾಳಗಳಿಂದಲೇ ಅದಕ್ಕೆ ಪೋಷಣೆ. ನೋವನ್ನು ತಿಳಿಸುವ ನರಗಳೂ ಈ ಅಡಿಪದರದಲ್ಲಿ ಹೇರಳವಾಗಿವೆ.

ಬೇನೆಯು ಮಾಡುವ ಹಾನಿ

ರೋಗಾಣುವು ಮುಖ್ಯವಾಗಿ ಮಧ್ಯದ ಮುಳ್ಳುಕಣಗಳಲ್ಲಿ ವೃದ್ಧಿಯಾಗುತ್ತದೆ. ಆ ಕಣಗಳು ಊದಿ ಒಡೆದು, ಅಲ್ಲಿ ನೀರು ತುಂಬಿ ಬೊಕ್ಕೆಯಾಗುತ್ತದೆ. ಬೊಕ್ಕೆ ಒಡೆದಾಗ ಮೇಲಿನ ಪೊರೆಯು ಸುಲಿದುಬಂದು ಕೆಂಪಾದ ಹುಣ್ಣು ಕಾಣುತ್ತದೆ. ನರಗಳಿಗೆ ಮರೆ ತಪ್ಪಿದುದರಿಂದ ದನವು ಮೇವನ್ನು ಮುಟ್ಟದೆ, ಬಾಯಿ ಚಪ್ಪರಿಸುತ್ತ ಜೊಲ್ಲು ಸುರಿಸುತ್ತದೆ. ಗೊರಸಿನ ಸಂದು ಮತ್ತು ಕೆಚ್ಚಲಿನ ತೊಟ್ಟುಗಳ ಚರ್ಮದಲ್ಲಿಯೂ ಇಂಥಾ ಮುಳ್ಳುಕಣಗಳ ಪದರವಿರುವುದರಿಂದ ಅಲ್ಲಿಯೂ ಬೊಕ್ಕೆಗಳೇಳುತ್ತವೆ. ಎಳೆಗರುಗಳಲ್ಲಿ ಬೇನೆಯು ಹೃದಯದ ಸ್ನಾಯುವನ್ನು ಹಿಡಿದು, ಬಾಯಲ್ಲಿ ಹುಣ್ಣು ಕಾಣುವ ಮೊದಲೇ ಪ್ರಾಣ ತೆಗೆಯುವುದುಂಟು.

ಆದರೆ ಸಮಾಧಾನದ ಸಂಗತಿಯೊಂದಿದೆ. ತಳದ ಸಾಲು ಬಹುಮಟ್ಟಿಗೆ ಉಳಿದುಕೊಳ್ಳುವುದರಿಂದ, ಬೇರೆ ಕೀವು ಸೇರದಿದ್ದರೆ ಬಾಯಿಯ ಹುಣ್ಣು ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಹುಣ್ಣನ್ನು ಉಪ್ಪಿನಿಂದಲೋ ಸುಣ್ಣದಿಂದಲೋ ಉಜ್ಜುವುದೆಂದರೆ ಸಸಿಮಡಿಯನ್ನೇ ತುಳಿದು ಹಾಳುಮಾಡಿದಂತೆ. ಇದನ್ನು ಎಂದಿಗೂ ಮಾಡತಕ್ಕದ್ದಲ್ಲ.

ಮಾಡತಕ್ಕ ಕ್ರಮಗಳು

ಬಾಯಿಯನ್ನು ತೆಳುವಾದ ಪಟಿಕದ ನೀರಿನಿಂದ ಮೆಲ್ಲಗೆ ತೊಳೆಯಬೇಕು. ಎಳೆಯ ಹುಲ್ಲನ್ನೂ ತೆಳ್ಳಗಿನ ರಾಗಿ ಗಂಜಿಯನ್ನೂ ಕೊಡಬೇಕು. ಗೊರಸಿನ ಹುಣ್ಣನ್ನು ತೊಳೆದು ಒಣನೆಲದಲ್ಲಿ ಕಟ್ಟಿ, ನೊಣ ಕೂರದಂತೆ ಬೇವಿನೆಣ್ಣೆಯನ್ನು ಹಚ್ಚಬೇಕು. ಕರುಗಳನ್ನು ಬೇನೆಯ ತಾಯಿಯ ಬಳಿ ಬಿಡಬಾರದು.

ಜೊಲ್ಲಿನಲ್ಲಿ ರೋಗಾಣುಗಳು ತುಂಬಿರುತ್ತವೆ. ಆದಕಾರಣ ಬೇನೆಯ ದನವನ್ನು ಊರ ತೊಟ್ಟಿಗಾಗಲಿ ನಾಲೆಗಾಗಲಿ ನೀರಿಗೆ ಬಿಡಕೂಡದು, ಸಂತೆಗೆ ಹೊಡೆಯಕೂಡದು. ಕೊಟ್ಟಿಗೆಯನ್ನು 10 ಲೀಟರು ನೀರಿಗೆ 400 ಗ್ರಾಂ ಒಗೆಯುವ ಸೋಡಾ ಕರಗಿಸಿ ತೊಳೆಯಬೇಕು. 2009ರ ಕಾಯಿದೆಯಂತೆ, ಬೇನೆಯ ಅನುಮಾನ ಬಂದೊಡನೆ ಗ್ರಾಮ ಪಂಚಾಯಿತಿಗಾಗಲಿ ಗ್ರಾಮಾಧಿಕಾರಿಗಾಗಲಿ ತಿಳಿಸುವುದು ದನದ ಒಡೆಯನ ಕರ್ತವ್ಯವಾಗಿದೆ. ಒಬ್ಬನು ಮುಚ್ಚಿಟ್ಟರೆ ನಷ್ಟವು ಊರಿಗೆಲ್ಲ.

ಬಂದ ಮೇಲೆ ಮಾಡುವ ಉಪಚಾರಕ್ಕಿಂತ ಬಾರದಂತೆ ಹಾಕಿಸುವ ಲಸಿಕೆಯೇ ಮೇಲು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ದನ ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಇದನ್ನು ಹಾಕಿಸಬೇಕು. ಹಿಂದೆ ಹಟ್ಟಿಹಟ್ಟಿಗಳನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗವು ಲಸಿಕೆಯ ಬಲದಿಂದಲೇ ಅಳಿದು, 2011ರಲ್ಲಿ ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ಗ್ರಾಮದ ಪ್ರಮುಖರು ತಮ್ಮ ದನಗಳಿಗೆ ಮೊದಲು ಲಸಿಕೆ ಹಾಕಿಸಿ ಇತರರಿಗೆ ಮೇಲ್ಪಂಕ್ತಿಯಾದರೆ, ಕಾಲುಬಾಯಿ ಬೇನೆಗೂ ಅದೇ ಗತಿಯನ್ನು ಕಾಣಿಸಬಹುದು.