ತಾಮ್ರದ ತಂತಿ ಬೇಡ

ಮೂಡಿಗೆರೆಯ ಸಹೋದರಿಗೆ,

ಟಿಲಾಂಡ್ಸಿಯಾ ಕಟ್ಟಲು ಹಲಸಿನ ಕೊಂಬೆ ಆರಿಸಿದ್ದು ಸರಿಯೇ. ಅದರ ಒರಟು ತೊಗಟೆ ಬೇರಿಗೆ ಹಿಡಿತ ಕೊಡುತ್ತದೆ. ಗಿಡ ಕೆಡಿಸಿದ್ದು ನೀವು ಕಟ್ಟಿದ ತಾಮ್ರದ ತಂತಿ. ಅನಾನಸ್ ಕುಟುಂಬದ ಈ ಗಿಡಗಳಿಗೆ ತಾಮ್ರ ವಿಷ. ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೂ ಮೈಲುತುತ್ತವೇ ತಾನೆ? ಸಿಂಪಡಣೆಗೆ ಮೊದಲೇ ಗಿಡಗಳನ್ನು ಮನೆಯೊಳಗೆ ತನ್ನಿ. ಕಟ್ಟಲು ಮೀನಿನ ಗಾಳದ ನೈಲಾನ್ ದಾರ ಸಾಕು.

ಮಳೆಗಾಲವಿಡೀ ಗಾಳಿಯಾಡುವ ಸೂರಿನಡಿ ತಲೆಕೆಳಗಾಗಿ ತೂಗುಹಾಕಿ. ಎಲೆಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ನೀರಲ್ಲಿ ಅದ್ದಿ, ಚೆನ್ನಾಗಿ ಕೊಡವಿ.

ನನ್ನನ್ನು ಕೇಳಿದರೆ, ತೋಟದ ಮರಕ್ಕೆ ನಮ್ಮ ಸೀತಾಳೆ ದಂಡೆ ಎಂಬ ಆರ್ಕಿಡ್ಡೇ ಲೇಸು. ಮಲೆನಾಡಿನ ಮಳೆ ಅದಕ್ಕೆ ಹೊಸತಲ್ಲ. ಆದರೆ ಕಾಡಿನಿಂದ ಕೀಳಬೇಡಿ. ನೆರಳುಮರದ ಕೊಂಬೆ ಸವರುವಾಗ ನಿಮ್ಮದೇ ತೋಟದಲ್ಲಿ ಬಿದ್ದ ಕೊಂಬೆಯಿಂದ ಬಿಡಿಸಿ ಕಟ್ಟಿ.